ಬೀರುವಿನ ಸುಳ್ಳು

ಮಾರ್ಚ್ 4, ಮಂಗಳವಾರ

ಇದು ಹಳೆಯ ಲಿಫ್ಟ್ ಲಾಗ್ ಪುಸ್ತಕ. ಯಾವ ಕಟ್ಟಡದ ಲಿಫ್ಟಿಗೆ ಯಾವತ್ತು ಗ್ರೀಸ್ ಹಾಕಿದೆ, ಯಾವುದರ ಬಾಗಿಲು ಕಿರುಗುಟ್ಟುತ್ತಿತ್ತು ಎಂಬುದೆಲ್ಲ ಮೊದಲ ಹಾಳೆಗಳಲ್ಲಿ ನನ್ನ ಕೈಬರಹದಲ್ಲೇ ಇದೆ. ಉಳಿದವು ಖಾಲಿ. ನಾನೂ ಖಾಲಿ. ಹೃದಯಾಘಾತವಾಗಿ ಮೂರು ವಾರ ದಾಟಿತು, ಕೆಲಸಕ್ಕೆ ಇನ್ನೂ ಒಂದೂವರೆ ತಿಂಗಳು ಹೋಗುವಂತಿಲ್ಲ. ಆಸ್ಪತ್ರೆಯ ಚಾರ್ಟಿನಲ್ಲಿ ಬಿಪಿ, ನಾಡಿ, ನಡಿಗೆ ಬರೆಯಬೇಕು. ಅದನ್ನು ಅವರು ನೋಡುತ್ತಾರೆ. ಇದನ್ನು ಯಾರೂ ನೋಡುವುದಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಲಾಗ್ ಪುಸ್ತಕವನ್ನು ನನ್ನ ಸೂಪರ್‌ವೈಸರೇ ತೆರೆದು ನೋಡಿಲ್ಲ, ಇನ್ನು ಹೆಂಡತಿ ನೋಡುತ್ತಾಳೆಯೇ.

ನೋಡಲು ಬಂದವರದೆಲ್ಲ ಒಂದೇ ರಾಗ. "ಈ ವಯಸ್ಸಲ್ಲಿ ಬೀರು ಜರುಗಿಸೋಕೆ ಹೋಗಿದ್ರಂತಲ್ಲ! ಯಾರನ್ನಾದ್ರೂ ಕರೀಬಾರ್ದಿತ್ತಾ?" ಇವತ್ತು ಮೇಲಿನ ಮನೆಯವರೂ ಬಂದು ಅದನ್ನೇ ಹೇಳಿ ಹೋದರು. ನಾನು ಬೀರುವನ್ನು ಮುಟ್ಟೇ ಇಲ್ಲ. ತುರ್ತು ಕೋಣೆಯಲ್ಲಿ ಡಾಕ್ಟರು "ಆಗ ಏನ್ ಮಾಡ್ತಿದ್ರು?" ಎಂದು ಕೇಳಿದಾಗ ಇವಳು "ಬೀರು ಜರುಗಿಸ್ತಿದ್ರು" ಎಂದುಬಿಟ್ಟಳು. ನನ್ನ ಮೂಗು ಬಾಯಿಗೆ ಆಮ್ಲಜನಕದ ಮಾಸ್ಕ್ ಹಾಕಿದ್ದರು, ಅಲ್ಲ ಎನ್ನಲಾಗಲಿಲ್ಲ. ಫೈಲಿನಲ್ಲಿ ಅದೇ ಕೂತಿದೆ.

ಮಂಗಳವಾರ, ಶುಕ್ರವಾರ ಆಸ್ಪತ್ರೆಯ ನೆಲಮಹಡಿಯಲ್ಲಿ ಹೃದ್ರೋಗಿಗಳಿಗೆ ಕಸರತ್ತು. ನಿಂತಲ್ಲೇ ನಿಂತ ಸೈಕಲ್ ತುಳಿಯಬೇಕು. ನಡೆಸುವವನು ಒಬ್ಬ ಗಂಡು ನರ್ಸು. ಮೂವತ್ತೈದರ ಒಳಗಿನವನು, ನೀಟಾಗಿ ಕತ್ತರಿಸಿದ ಗಡ್ಡ. ನನ್ನನ್ನು "ಸರ್" ಎಂದ. ಇವಳನ್ನು ನೋಡಿ "ಅಕ್ಕ, ನೀವೂ ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದುಕೊಟ್ಟ. ಉಳಿದ ಆರು ಜನರ ಹೆಂಡಂದಿರು ನಿಂತೇ ಇದ್ದರು.

ನಡಿಗೆ ಹತ್ತು ನಿಮಿಷ. ಸುಸ್ತು.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಎದ್ದ ಕೂಡಲೆ ಇವಳು ನನ್ನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಾಳೆ. ಆ ಗಡ್ಡದ ನರ್ಸು ಹೇಳಿಕೊಟ್ಟದ್ದು, ನನ್ನ ಪಾಲಿಗೆ ಅವನು ಬರೀ ಗಡ್ಡ. ಬೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಹಾಳೆ ಎಣಿಸಿ ಹೊಲಿಯುವ ಕೈ ಅದು. ಮಾತಾಡುತ್ತಲೇ ನೂರು ಹಾಳೆ ಎಣಿಸುತ್ತಾಳೆ, ಎಣಿಕೆ ತಪ್ಪಿದ್ದನ್ನು ನಾನು ನೋಡಿಲ್ಲ. "ಎಪ್ಪತ್ನಾಲ್ಕು" ಎಂದು ಚಾರ್ಟಿನಲ್ಲಿ ಬರೆದು ಕೈ ಬಿಟ್ಟಳು. ದಿನಕ್ಕೆ ಒಂದು ನಿಮಿಷ ಮುಟ್ಟುತ್ತಾಳೆ, ಅಷ್ಟೇ.

ಕಸರತ್ತಿನ ನಡುವೆ ಗಡ್ಡ ಏನೋ ಹೇಳಿದ, ಇವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮನೆಗೆ ಬಂದ ಮೇಲೆ "ಏನಂದ?" ಎಂದೆ.

"ಏನೋಪ್ಪ. ನೀವು ಸೈಕಲ್ ತುಳಿಯೋದು ನೋಡಿದ್ರೆ ಯಾರನ್ನೋ ಅಟ್ಟಿಸ್ಕೊಂಡು ಹೋಗೋ ಹಾಗಿದೆಯಂತೆ."

ಅಟ್ಟಿಸಿಕೊಂಡು ಹೋಗುವಂತಿದ್ದರೆ ಯಾರನ್ನು ಎಂಬುದು ನನಗೆ ಗೊತ್ತು. ಕನ್ನಡಿ ನೋಡಿಕೊಂಡೆ. ಗಡ್ಡ ಬಿಟ್ಟರೆ ನನಗೆ ಬಿಳಿ ಬರುತ್ತದೆ.

ಮಾರ್ಚ್ 11, ಮಂಗಳವಾರ

ಬರೆದೇಬಿಡುತ್ತೇನೆ. ಆ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಹಾಸಿಗೆಯಲ್ಲಿದ್ದೆವು. ಮಗಳು ಮದುವೆಯಾಗಿ ಹೋದ ಮೇಲೆ ಭಾನುವಾರದ ಮಧ್ಯಾಹ್ನ ನಮ್ಮದು. ಐವತ್ಮೂರರ ಗಂಡ, ನಲವತ್ತೆಂಟರ ಹೆಂಡತಿ, ಇದರಲ್ಲಿ ನಾಚಿಕೊಳ್ಳುವಂಥದ್ದೇನಿದೆ? ಆಮೇಲೆ ಎದ್ದು ನೀರು ಕುಡಿಯಲು ಹೋದೆ. ಲೋಟ ಕೈಯಿಂದ ಬಿತ್ತು. ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಬೀರು ಆ ಕೋಣೆಯ ಮೂಲೆಯಲ್ಲಿ ತನ್ನ ಪಾಡಿಗೆ ನಿಂತಿತ್ತು ಪಾಪ, ಅದರ ಹೆಸರು ಕೆಟ್ಟಿತು.

ಆಸ್ಪತ್ರೆಯಿಂದ ಬಂದ ದಿನವೇ ಇವಳು ತನ್ನ ದಿಂಬು ಎತ್ತಿಕೊಂಡು ಹಾಲ್‌ಗೆ ಹೋದಳು. "ನಿಮಗೆ ಆರಾಮಾಗಿ ನಿದ್ದೆ ಬರ್ಲಿ ಅಂತ." ಮನೆಗೆ ಕಳಿಸುವಾಗ ಡಾಕ್ಟರು ಉಪ್ಪು, ಎಣ್ಣೆ, ಸಿಗರೇಟು, ತೂಕ ಎಲ್ಲದರ ಬಗ್ಗೆ ಹೇಳಿದರು. ಎದೆ ನೋವು ಬಂದರೆ ನಾಲಿಗೆಯ ಕೆಳಗಿಡಲು ಒಂದು ಪುಟ್ಟ ಗುಳಿಗೆ ಕೊಟ್ಟರು, ಅದು ಸದಾ ಜೇಬಿನಲ್ಲಿದೆ. ನಾನು ಧೈರ್ಯ ಮಾಡಿ "ಡಾಕ್ಟ್ರೇ, ಮತ್ತೆ... ಉಳಿದದ್ದು?" ಎಂದೆ. ಅವರು ಮುಂದಿನ ರೋಗಿಯ ಫೈಲು ತೆರೆಯುತ್ತ "ಉಳಿದದ್ದೆಲ್ಲ ನಾರ್ಮಲ್" ಎಂದರು.

ಕೆಟ್ಟ ಲಿಫ್ಟಿಗೆ ನಾವು ಒಂದು ಫಲಕ ತಗುಲಿಸುತ್ತೇವೆ. ಜನ ಅದನ್ನು ನೋಡಿ ಗೊಣಗುವುದೂ ಇಲ್ಲ, ಪಕ್ಕದ ಲಿಫ್ಟಿಗೆ ಹೋಗುತ್ತಾರೆ.

ಮಾರ್ಚ್ 14, ಶುಕ್ರವಾರ

ನಡಿಗೆ ಇಪ್ಪತ್ತು ನಿಮಿಷ. ಗಡ್ಡ ಇವತ್ತು ನೀಲಿ ಅಂಗಿ ಹಾಕಿದ್ದ. ಇವಳೂ ನೀಲಿ.

ಮಾರ್ಚ್ 18, ಮಂಗಳವಾರ

ಈಗ ಕಣ್ಣಾರೆ ಕಂಡದ್ದು. ಗಡ್ಡ ನಮ್ಮನ್ನೆಲ್ಲ ಸೈಕಲ್ ಹತ್ತಿಸಿ, ಸಹಾಯಕಿಯ ಕೈಗೆ ಒಪ್ಪಿಸಿ ಹೊರಟುಹೋದ. ಐದು ನಿಮಿಷ ಬಿಟ್ಟು ಇವಳೂ ಎದ್ದಳು. "ಮಾತ್ರೆ ತಗೊಂಡು ಬರ್ತೀನಿ, ಔಷಧಿ ಅಂಗಡಿ ರಶ್ ಇರತ್ತೆ." ಔಷಧಿ ಅಂಗಡಿ ಇರುವುದು ನೆಲಮಹಡಿಯಲ್ಲೇ, ಬಲಗಡೆ. ಇವಳು ಎಡಕ್ಕೆ ತಿರುಗಿದಳು. ಗಾಜಿನ ಬಾಗಿಲಿನಾಚೆ ಲಿಫ್ಟಿನ ಸೂಚಕ ಕಾಣುತ್ತದೆ. ಒಂದು. ಎರಡು. ಅಲ್ಲೇ ನಿಂತಿತು.

ಆ ಲಿಫ್ಟನ್ನು ಹತ್ತು ವರ್ಷ ನೋಡಿಕೊಂಡವನು ನಾನು. ಮನುಷ್ಯರು ಸುಳ್ಳು ಹೇಳಬಹುದು, ಅದರ ಸೂಚಕ ಹೇಳುವುದಿಲ್ಲ. ಎರಡನೇ ಮಹಡಿಯಲ್ಲಿ ರೋಗಿಗಳಿಲ್ಲ, ಸಿಬ್ಬಂದಿಯ ಕೋಣೆಗಳಷ್ಟೇ. ಪಕ್ಕದ ಸೈಕಲ್ಲಿನ ಮೇಷ್ಟ್ರನ್ನು ಏನೂ ತಿಳಿಯದವನಂತೆ ಕೇಳಿದೆ, ಗಡ್ಡದ ಕೋಣೆ ಎಲ್ಲಿ ಎಂದು. "ಎರಡನೇ ಮಹಡಿ, ಕೊನೇದು" ಎಂದರು. ಸೈಕಲ್ ಎಷ್ಟು ಜೋರಾಗಿ ತುಳಿದೆನೆಂದರೆ ಸಹಾಯಕಿ ಓಡಿ ಬಂದು ನಿಧಾನ ಎಂದಳು.

ಅರ್ಧ ಗಂಟೆ ಕಳೆದು ಬಂದಳು. ಮುಖ ಕೆಂಪಾಗಿತ್ತು. ಕೈಯಲ್ಲಿ ಮಾತ್ರೆ ಇರಲಿಲ್ಲ.

"ಸ್ಟಾಕ್ ಇಲ್ವಂತೆ" ಎಂದಳು.

ನಡಿಗೆ ಇಪ್ಪತ್ತೈದು ನಿಮಿಷ. ಮನೆಯೊಳಗೆ ಕೂರಲಾಗದೆ ಹೋದದ್ದು, ಕಸರತ್ತಿಗಲ್ಲ.

ಮಾರ್ಚ್ 21, ಶುಕ್ರವಾರ

ಅಂಗಡಿಯ ಕೆಲಸ ಮನೆಗೆ ತಂದಿದ್ದಾಳೆ. ಅಡುಗೆಮನೆಯ ಮೇಜಿನ ಮೇಲೆ ಬಿಡಿ ಹಾಳೆಗಳನ್ನು ಜೋಡಿಸಿ ಹೊಲಿಯುತ್ತಿದ್ದಳು. ಕೆಂಪು ದಾರ! ಅದನ್ನು ಬಲು ಬೇಕಾದ ಗಿರಾಕಿಗಳಿಗೆ ಮಾತ್ರ ಹಾಕುವುದು. ನಾನು ಒಳಗೆ ಬಂದೊಡನೆ ಒಂದು ಪಾತ್ರೆಯ ಮುಚ್ಚಳ ತೆಗೆದು ಹಾಳೆಗಳ ಮೇಲಿಟ್ಟಳು.

"ಯಾರದ್ದು?"

"ಆಸ್ಪತ್ರೆದು. ಆ ತಮ್ಮನ ಹತ್ರ ಎಲ್ಲ ಬಿಡಿಬಿಡಿಯಾಗಿ ಹರ್ಕೊಂಡು ಬಿದ್ದಿತ್ತು. ಹೊಲಿದು ಕೊಡ್ತೀನಿ ಅಂದೆ."

"ಏನಿದೆ ಅದರಲ್ಲಿ?"

"ನಿಮಗ್ಯಾಕೆ ಈಗ? ಹೋಗಿ ಮಲ್ಕೊಳ್ಳಿ."

ತಮ್ಮನಂತೆ. ನನ್ನ ಈ ಲಾಗ್ ಪುಸ್ತಕದ ಬೆನ್ನು ಕಿತ್ತು ಎಷ್ಟು ವರ್ಷವಾಯಿತು! ಒಂದು ದಿನವಾದರೂ ಅಂಟು ಹಚ್ಚಿಕೊಟ್ಟಳೇ? ಹೊಟ್ಟೆ ಉರಿದುಹೋಯಿತು. ಹೌದು, ಹೊಟ್ಟೆಕಿಚ್ಚೇ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನಿಗೆ ಒಂದು ದಾರದ ಬಣ್ಣ ನೋಡಿ ಹೊಟ್ಟೆಕಿಚ್ಚು.

ಮಾರ್ಚ್ 25, ಮಂಗಳವಾರ

ಜೊತೆಯ ಮೆಕ್ಯಾನಿಕ್ ಬಂದಿದ್ದ. ಎಲ್ಲರೂ ಅವನನ್ನು ಸ್ಪ್ಯಾನರ್ ಎನ್ನುತ್ತೇವೆ, ಎಂಥ ಬೋಲ್ಟಿದ್ದರೂ ಬಿಚ್ಚುತ್ತಾನೆ. ನನ್ನ ಬಾಯನ್ನೂ ಬಿಚ್ಚಿಸಿದ. ಗಡ್ಡದ ವಿಷಯ ಹೇಳಲಿಲ್ಲ, ಮಾನ ಹೋಗುತ್ತದೆ. ಹಾಲ್‌ನ ದಿಂಬಿನ ವಿಷಯ ಹೇಳಿದೆ.

"ಅಯ್ಯೋ ಅಣ್ಣ, ಇಷ್ಟಕ್ಕೆ ಮುಖ ಸಪ್ಪೆ ಮಾಡ್ಕೊಂಡಿದ್ದೀಯಾ?" ಎಂದು ಪರ್ಸಿನಿಂದ ಕಾಗದದಲ್ಲಿ ಸುತ್ತಿದ ನೀಲಿ ಮಾತ್ರೆ ತೆಗೆದ. "ಒಂದು ನುಂಗು. ಅತ್ತಿಗೆ ತಾನಾಗೇ ದಿಂಬು ಎತ್ಕೊಂಡು ಒಳಗೆ ಬರ್ತಾರೆ."

"ಹಾರ್ಟಿಗೆ ಏನೂ ಆಗಲ್ವಾ?"

"ನಮ್ಮ ಮಾವನೂ ತಗೋತಾರೆ. ಅವ್ರಿಗೆ ಅರವತ್ತೆಂಟು!"

ಅವನ ಮಾವನಿಗೆ ಹೃದಯಾಘಾತವಾಗಿದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮಾತ್ರೆಯನ್ನು ಟೂಲ್ ಬ್ಯಾಗಿನಲ್ಲಿ ಟೆಸ್ಟರ್ ಪಕ್ಕ ಇಟ್ಟಿದ್ದೇನೆ. ಬರುವ ಭಾನುವಾರ. ಕೆಟ್ಟಿಲ್ಲ ಎಂದು ಒಮ್ಮೆ ತೋರಿಸಿದರೆ ಸಾಕು.

ಮಾರ್ಚ್ 28, ಶುಕ್ರವಾರ

ಟ್ರೆಡ್‌ಮಿಲ್ ಮೇಲೆ ನಡೆಸಿ, ಎದೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಡಾಕ್ಟರು "ತುಂಬಾ ಚೆನ್ನಾಗಿದೆ" ಎಂದು ಸಹಿ ಹಾಕಿದರು. ಏನು ಚೆನ್ನಾಗಿದೆ? ಅಷ್ಟರಲ್ಲೇ ಇವಳು ಎರಡನೇ ಮಹಡಿಗೆ ಹೋಗಿ ಬಂದಳು. ಸೂಚಕ ನೋಡಿದೆ. ಬ್ಯಾಗಿನಲ್ಲಿದ್ದ ಕೆಂಪು ದಾರದ ಪುಸ್ತಕವೂ ಅವಳ ಜೊತೆ ಹೋಯಿತು.

ನಡಿಗೆ ನಲವತ್ತು ನಿಮಿಷ. ಮೇಷ್ಟ್ರು ಹಿಂದೆ ಉಳಿದರು.

ಮಾರ್ಚ್ 29, ಶನಿವಾರ

ಮಾತ್ರೆ ಇಲ್ಲ.

ಟೂಲ್ ಬ್ಯಾಗನ್ನು ನೆಲದ ಮೇಲೆ ಸುರಿದು ನೋಡಿದೆ. ಟೆಸ್ಟರ್ ಇದೆ, ಕಟಿಂಗ್ ಪ್ಲೇಯರ್ ಇದೆ, ಕಾಗದದ ಚೂರೂ ಇದೆ. ಮಾತ್ರೆ ಮಾತ್ರ ಇಲ್ಲ. ಮನೆಯಲ್ಲಿರುವವರು ಇಬ್ಬರೇ. ನಾನು ತೆಗೆದುಕೊಂಡಿಲ್ಲ. ಅವಳು ತೆಗೆದುಕೊಂಡಿದ್ದರೆ ಯಾರಿಗೋಸ್ಕರ?

ಮೂವತ್ತೈದರವನಿಗೆ ಅದು ಯಾಕೆ ಬೇಕು ಎಂದು ಒಂದು ಮನಸ್ಸು ಹೇಳುತ್ತದೆ. ಇನ್ನೊಂದು ಮನಸ್ಸು ಕೇಳುವುದಿಲ್ಲ. ಕೇಳಿಬಿಡೋಣವೆಂದರೆ, ನಿಮ್ಮ ಬ್ಯಾಗಿನಲ್ಲಿ ಅದು ಯಾಕಿತ್ತು ಎಂದು ತಿರುಗಿ ಕೇಳಿದರೆ ಏನು ಹೇಳಲಿ?

ಮಾರ್ಚ್ 30, ಭಾನುವಾರ

ಮಧ್ಯಾಹ್ನ ಅವಳು ಹಾಲ್‌ನಲ್ಲಿ, ನಾನು ಒಳಗೆ. ಬೀರು ನೋಡುತ್ತ ಮಲಗಿದ್ದೆ.

ಏಪ್ರಿಲ್ 1, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗಡ್ಡ ಹೋದ. ಇವಳು ಎದ್ದಳು. ಇವತ್ತು ಮಾತ್ರೆಯ ನೆಪವೂ ಇಲ್ಲ, "ಈಗ ಬಂದೆ" ಅಷ್ಟೇ. ಸೂಚಕ ಎರಡಕ್ಕೆ ಹೋಗಿ ನಿಂತಿತು. ನಾನು ಸೈಕಲ್ಲಿನಿಂದ ಇಳಿದೆ. ಸಹಾಯಕಿ "ಸರ್, ಎಲ್ಲಿಗೆ?" ಎಂದಳು. ಬಚ್ಚಲಿಗೆ ಎಂದೆ.

ಲಿಫ್ಟಿನಲ್ಲಿ ಹೋಗುವಂತಿರಲಿಲ್ಲ. ಮಹಡಿ ಬಂದ ಕೂಡಲೆ ಆ ಲಿಫ್ಟ್ ಟಿಂಗ್ ಎಂದು ಗಂಟೆ ಹೊಡೆಯುತ್ತದೆ. ಹೊಡೆಯಲಿ ಎಂದು ಅದನ್ನು ಕೂರಿಸಿದವನೇ ನಾನು. ಗಂಟೆ ಕೇಳಿ ಅವರು ಸಾವರಿಸಿಕೊಂಡು ಕೂತರೆ? ಹಾಗಾಗಿ ಮೆಟ್ಟಿಲು ಹಿಡಿದೆ. ಲಿಫ್ಟ್ ಮೆಕ್ಯಾನಿಕ್ ಮೆಟ್ಟಿಲು ಹತ್ತುವುದೆಂದರೆ ನಮ್ಮಲ್ಲಿ ನಗೆಪಾಟಲು, ಆದರೂ ಹತ್ತಿದೆ. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದೆ. ತಲೆಯಲ್ಲಿ ಕೆಂಪು ದಾರ, ನೀಲಿ ಮಾತ್ರೆ, ಸೆರಗು ಬಾಯಿಗಿಟ್ಟು ನಕ್ಕ ನಗು, ಇವೇ ಸುತ್ತುತ್ತಿದ್ದವು.

ಕೊನೆಯ ಕೋಣೆ. ಬಾಗಿಲು ಮುಚ್ಚಿತ್ತು, ಅದರ ಮೇಲಿನ ಗಾಳಿಕಿಂಡಿ ತೆರೆದಿತ್ತು. ಗಡ್ಡದ ದನಿ ಕೇಳಿಸಿತು.

"ಅಕ್ಕ, ಪುಸ್ತಕ ಪೂರ್ತಿ ಓದಿದ್ರಿ, ಹೊಲಿದೂ ಕೊಟ್ರಿ. ಶುಕ್ರವಾರದ ರಿಪೋರ್ಟೂ ನೋಡಿದ್ರಿ. ಇನ್ನೂ ಹಾಲ್‌ನಲ್ಲೇ ಮಲಗ್ತಿದ್ದೀರಿ ಅಂದ್ರೆ, ನೀವು ನನಗೆ ಏನೋ ಹೇಳಿಲ್ಲ."

ಕುರ್ಚಿ ಕಿರುಗುಟ್ಟಿತು. ಆಮೇಲೆ ಇವಳು.

"ಬೀರು ಸುಳ್ಳು, ತಮ್ಮಾ. ಅವ್ರು ಬೀರು ಮುಟ್ಲೇ ಇಲ್ಲ. ಅವತ್ತು ನಾವು... ನಾವಿಬ್ರೂ ಜೊತೇಲಿದ್ವಿ. ಅವ್ರು ಪಾಪ ಪೇಪರ್ ಓದ್ತಾ ಕೂತಿದ್ರು. ನಾನೇ ಕರ್ದೆ. ಕರೀದೇ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ. ನಾನೇ ಅವ್ರನ್ನ ಸಾವಿನ ಬಾಗಿಲಿಗೆ ತಳ್ಳಿಬಿಡ್ತಿದ್ದೆ." ಅಳುತ್ತಿದ್ದಳು. "ಈಗ ಹತ್ರ ಹೋದ್ರೆ ಕೈ ಬರಲ್ಲ. ಬೆಳಿಗ್ಗೆ ನಾಡಿ ನೋಡೋ ನೆಪದಲ್ಲಿ ಕೈ ಹಿಡ್ಕೋತೀನಿ, ಅಷ್ಟೇ. ಅವ್ರೋ, ಇದನ್ನ ತಂದಿಟ್ಕೊಂಡಿದ್ರು. ನಿಮ್ಮ ಪುಸ್ತಕದಲ್ಲಿ ಬರೆದಿತ್ತಲ್ಲ, ಅದೇ ಮಾತ್ರೆ. ನೋಡಿ ಎದೆ ಒಡೆದುಹೋಯ್ತು. ಕೇಳಿದ್ರೆ ಅವ್ರಿಗೆ ಅವಮಾನ ಆಗತ್ತೆ ಅಂತ ಎತ್ತಿಟ್ಕೊಂಡು ಬಂದೆ."

ನಾನು ಬಾಗಿಲು ತಳ್ಳಿದೆ. ಗಡ್ಡ ಮೇಜಿನ ಆಚೆ, ಇವಳು ಈಚೆ, ನಡುವೆ ಕೆಂಪು ದಾರದ ಪುಸ್ತಕ, ಅದರ ಮೇಲೆ ನನ್ನ ನೀಲಿ ಮಾತ್ರೆ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದೇ ಬೇರೆ.

"ನಾನು ಪೇಪರ್ ಓದ್ತಿರ್ಲಿಲ್ಲ ಕಣೇ. ಹಿಡ್ಕೊಂಡು ಕೂತಿದ್ದೆ ಅಷ್ಟೇ. ನೀನು ಕರೀಲಿ ಅಂತ ಕಾಯ್ತಿದ್ದೆ."

ಗಡ್ಡ ಎದ್ದು ನನ್ನನ್ನು ಕೂರಿಸಿ ಮಣಿಕಟ್ಟು ಹಿಡಿದ.

"ಸರ್, ಲಿಫ್ಟಲ್ಲಿ ಬಂದ್ರಾ?"

"ಮೆಟ್ಟಿಲು."

"ಎರಡೂ ಮಹಡಿ? ನಿಲ್ಲದೇನೇ? ಎದೆ ನೋವು?"

ಆಗಲೇ ನನಗೂ ಹೊಳೆದದ್ದು. ಇಲ್ಲ. ಉಸಿರು ಸ್ವಲ್ಪ ಜೋರಾಗಿತ್ತು, ಅದು ಕೋಪಕ್ಕೆ. ಅವನು ಗಡಿಯಾರ ನೋಡಿ ಎಣಿಸಿದ. ಆಮೇಲೆ ಪುಸ್ತಕ ತೆರೆದು ನನ್ನ ಮುಂದೆ ತಳ್ಳಿದ. ಎರಡು ಮಹಡಿಯ ಮೆಟ್ಟಿಲನ್ನು ಚುರುಕಾಗಿ ಹತ್ತಿ ಎದೆ ನೋವು, ಉಸಿರುಗಟ್ಟುವುದು ಇಲ್ಲದಿದ್ದರೆ, ಡಾಕ್ಟರೂ ಒಪ್ಪಿದ್ದರೆ, ಗಂಡಹೆಂಡತಿ ಮೊದಲಿನಂತೆ ಕೂಡಬಹುದು ಎಂದು ಅದರಲ್ಲಿ ಅಚ್ಚಾಗಿತ್ತು. ಅಚ್ಚಾಗಿತ್ತು! ಯಾರೋ ಕೂತು ಇದನ್ನೆಲ್ಲ ಬರೆದು, ಯಾರೋ ಅಚ್ಚು ಹಾಕಿ, ನನ್ನ ಹೆಂಡತಿ ಹೊಲಿದು ಇಟ್ಟಿದ್ದಾಳೆ. ನನಗೊಬ್ಬನಿಗೇ ಗೊತ್ತಿಲ್ಲ.

"ಇವತ್ತು ಹೀಗೆ ಓಡಿ ಬಂದದ್ದು ತಪ್ಪು ಸರ್, ಮತ್ತೆ ಮಾಡ್ಬೇಡಿ. ಆದ್ರೆ ಪಾಸಾದ್ರಿ" ಎಂದ ಗಡ್ಡ. ಇವಳ ಕಡೆ ತಿರುಗಿದ. "ಅಕ್ಕ, ಹೃದಯದ ಆ ರಕ್ತನಾಳ ಮುಚ್ಚೋಕೆ ವರ್ಷಗಟ್ಟಲೆ ಹಿಡಿದಿದೆ. ಸಿಗರೇಟು, ಬಿಪಿ, ಎಲ್ಲ ಸೇರಿ. ಸುಮ್ನೆ ಕೂತಿದ್ರೂ ಆ ದಿನ ಆಗಬಹುದಿತ್ತು. ನೀವು ಕರೆದದ್ದಕ್ಕೆ ಆಗಿಲ್ಲ. ಜೊತೇಲಿ ನೀವಿದ್ರಿ, ಅದಕ್ಕೇ ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆಗೆ ಬಂದ್ರು."

ಆಮೇಲೆ ಮಾತ್ರೆಯನ್ನು ಬೆರಳಿನಿಂದ ನನ್ನೆಡೆಗೆ ತೋರಿಸಿದ. ಜೇಬಿನಲ್ಲಿರುವ ನಾಲಿಗೆ ಕೆಳಗಿನ ಗುಳಿಗೆಯೂ ಇದೂ ಒಟ್ಟಾದರೆ ಬಿಪಿ ಒಂದೇ ಸಲ ಕುಸಿಯುತ್ತದಂತೆ, ಎಚ್ಚರ ತಪ್ಪಿ ಬಿದ್ದರೆ ಮತ್ತೆ ಏಳದೇ ಹೋಗಬಹುದಂತೆ. ಭಾನುವಾರ ನುಂಗಿ, ಎದೆ ಸ್ವಲ್ಪ ಚುಳ್ಳೆಂದಿದ್ದರೆ ನಾನು ಜೇಬಿಗೇ ಕೈ ಹಾಕುತ್ತಿದ್ದೆ. ಆಗ ಇವಳು ಯಾವ ಬೀರುವಿನ ಹೆಸರು ಹೇಳುತ್ತಿದ್ದಳೋ.

"ಬಿಪಿ ಮಾತ್ರೆಯಿಂದ ಕೆಲವ್ರಿಗೆ ಸ್ವಲ್ಪ ಸಡಿಲ ಆಗೋದುಂಟು" ಎಂದ, ಹವಾಮಾನದ ಬಗ್ಗೆ ಮಾತಾಡುವಷ್ಟು ಸಲೀಸಾಗಿ. "ಹಾಗಾದ್ರೆ ನಮಗೆ ಹೇಳಿ, ಬದಲಾಯಿಸ್ತೀವಿ. ನೀವಾಗೇ ನಿಲ್ಲಿಸ್ಬೇಡಿ. ಇದನ್ನೆಲ್ಲ ಮನೆಗೆ ಕಳಿಸೋ ದಿನ ನಾವೇ ಹೇಳ್ಬೇಕಿತ್ತು. ಕೇಳ್ಲಿ ಅಂತ ನಾವು, ಹೇಳ್ಲಿ ಅಂತ ನೀವು. ತಪ್ಪು ನಮ್ದೇ."

ಫೈಲು ತೆರೆದು 'ಬೀರು ಜರುಗಿಸುವಾಗ' ಎಂಬುದರ ಮೇಲೆ ಒಂದು ಗೆರೆ ಎಳೆದ. ಏನು ಬರೆದನೋ ನಾನು ನೋಡಲಿಲ್ಲ. ಇವಳು ನೋಡಿ ತಲೆ ತಗ್ಗಿಸಿದಳು.

ಇಳಿಯುವಾಗ ಇಬ್ಬರೂ ಲಿಫ್ಟಿನಲ್ಲೇ ಇಳಿದೆವು. ಟಿಂಗ್ ಎಂದಿತು.

ಏಪ್ರಿಲ್ 2, ಬುಧವಾರ

ದಿಂಬು ಒಳಗೆ ಬಂದಿದೆ. ಇಬ್ಬರೂ ಹೊಸಬರ ಹಾಗೆ ಆ ತುದಿ, ಈ ತುದಿ.

ನನಗೆ ಹೇಳಲಾಗದ್ದನ್ನು ಗಡ್ಡಕ್ಕೆ ಹೇಳಿದಳಲ್ಲ ಎಂಬ ಉರಿ ಪೂರ್ತಿ ಆರಿಲ್ಲ. ಹಾಗೆ ನೋಡಿದರೆ ನಾನೂ ಅವಳಿಗೆ ಹೇಳದ್ದನ್ನು ಸ್ಪ್ಯಾನರ್‌ಗೆ ಹೇಳಿದೆ. ಅವಳು ಆರಿಸಿಕೊಂಡವನಿಗೆ ವಿಷಯ ಗೊತ್ತಿತ್ತು, ನಾನು ಆರಿಸಿಕೊಂಡವನು ನನ್ನನ್ನು ಮುಗಿಸುತ್ತಿದ್ದ.

ಏಪ್ರಿಲ್ 4, ಶುಕ್ರವಾರ

ಲಾಗ್ ಪುಸ್ತಕಕ್ಕೆ ಹೊಸ ಬೆನ್ನು. ನಾನು ನಡಿಗೆಗೆ ಹೋದಾಗ ಹಚ್ಚಿಟ್ಟಿದ್ದಾಳೆ. ಓದಿದಳೋ ಇಲ್ಲವೋ ಕೇಳಲಿಲ್ಲ. ದಾರ ಕೆಂಪು.

ಏಪ್ರಿಲ್ 6, ಭಾನುವಾರ

ಮಧ್ಯಾಹ್ನ, ಗಡ್ಡದ ಪುಸ್ತಕದಲ್ಲಿ ಹೇಳಿದಂತೆ ಊಟವಾಗಿ ಎರಡು ಗಂಟೆ ಕಳೆಯಲಿ ಎಂದು ಪೇಪರ್ ಹಿಡಿದು ಕೂತೆ. ಈ ಸಲ ಅವಳು ಕರೆಯುವವರೆಗೆ ಕಾಯಬಾರದು ಎಂದು ಮೊದಲೇ ನಿಶ್ಚಯಿಸಿದ್ದೆ. ಏನಾದರೂ ಹೆಚ್ಚುಕಡಿಮೆಯಾದರೆ ಮತ್ತೆ ತನ್ನ ತಲೆಗೆ ಕಟ್ಟಿಕೊಳ್ಳುತ್ತಾಳೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಪೇಪರ್ ಕೆಳಗಿಟ್ಟು "ಬಾರೇ" ಎಂದೆ.

"ಹೆದ್ರಿಕೆ ಆಗತ್ತೆ ರೀ."

"ನನಗೂ."

ಬಂದಳು. ಅಂಗೈಯನ್ನು ನನ್ನ ಎದೆಯ ಮೇಲಿಟ್ಟು, ಗೋಡೆಯ ಗಡಿಯಾರ ನೋಡುತ್ತ ಎಣಿಸತೊಡಗಿದಳು, ಸದ್ದು ಮಾಡಿ, ಹಾಳೆ ಎಣಿಸುವ ಹಾಗೆ. ನಿಲ್ಲಿಸು ಎನ್ನಲಿಲ್ಲ. ಕೈ ತಣ್ಣಗಿತ್ತು, ಬರಬರುತ್ತ ಬಿಸಿಯಾಯಿತು. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಮೂವತ್ತೇಳಕ್ಕೆ ಎಣಿಕೆ ತಪ್ಪಿತು.

ಮತ್ತೆ ಒಂದರಿಂದ ಶುರು ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ.